ವಾರದ ದಿನಗಳ ಬುತ್ತಿಗೆ ಚಿಕನ್ ರ‍್ಯಾಪ್: ಬೆಳಗ್ಗೆ ಹತ್ತು ನಿಮಿಷದಲ್ಲಿ ಮುಗಿಯಬೇಕು, ಮಧ್ಯಾಹ್ನದವರೆಗೂ ಹದ ಕೆಡಬಾರದು

ಮಧ್ಯಾಹ್ನದ_ಬುತ್ತಿ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ವಾರಕ್ಕೆ ಮೂರು ದಿನ ಮಧ್ಯಾಹ್ನದ ಊಟಕ್ಕೆಂದು ಚಿಕನ್ ರ‍್ಯಾಪ್ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ. ತಟ್ಟೆ ಚಮಚಗಳ ಗೊಡವೆಯಿಲ್ಲದೆ ಕೈಯಲ್ಲಿ ಹಿಡಿದು ತಿನ್ನಬಹುದು, ಮಾಂಸ ತರಕಾರಿ ಎರಡೂ ಒಟ್ಟಿಗೆ ಹೊಟ್ಟೆಗೆ ಸೇರುತ್ತವೆ ಎಂಬ ಕಾರಣಕ್ಕೆ ಇದನ್ನು ಆರಿಸಿಕೊಂಡೆ. ಆದರೆ ಬೆಳಗ್ಗೆ ಎಂಟಕ್ಕೆ ಕಟ್ಟಿದ್ದನ್ನು ಒಂದು ಗಂಟೆಗೆ ಬಿಚ್ಚಿದರೆ ಪ್ರತಿ ಸಲವೂ ಒಂದೇ ಕಥೆ: ಸುರುಳಿಯ ತಳ ನೆನೆದು ಹರಿದಿರುತ್ತದೆ, ಬಗ್ಗಿಸಿದ ಕಡೆಯಲ್ಲೆಲ್ಲ ಟೋರ್ಟಿಯಾ (ಚಪಾತಿಯಂಥ ತೆಳು ರೊಟ್ಟಿ) ಬಿರುಕು ಬಿಟ್ಟಿರುತ್ತದೆ, ಫಾಯಿಲ್‌ನ ಮೂಲೆಯಲ್ಲಿ ನೀರು ನಿಂತಿರುತ್ತದೆ, ಚಿಕನ್ ಮಾತ್ರ ಅಗಿದಷ್ಟೂ ಮುಗಿಯದಂತೆ ಒಣಗಿರುತ್ತದೆ.

ನಾನು ಮಾಡುವ ಕ್ರಮ ಹೀಗಿದೆ. ಎದೆ ಭಾಗದ ಮಾಂಸವನ್ನು ಬೆಳಗ್ಗೆಯೇ ಸಣ್ಣ ತುಂಡುಗಳಾಗಿ ಕತ್ತರಿಸಿ, ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಹಾಕಿ ಹುರಿಯುತ್ತೇನೆ. ಫ್ರಿಜ್‌ನಿಂದ ತೆಗೆದ ಟೋರ್ಟಿಯಾದ ಮೇಲೆ ಮೊಸರಿನ ಸಾಸ್ ಸವರಿ, ಬಿಸಿಬಿಸಿ ಚಿಕನ್, ಟೊಮೆಟೊ, ಈರುಳ್ಳಿ, ಲೆಟ್ಯೂಸ್ ಇಟ್ಟು ಸುತ್ತಿ, ಫಾಯಿಲ್‌ನಲ್ಲಿ ಬಿಗಿಯಾಗಿ ಕಟ್ಟಿ ಚೀಲಕ್ಕೆ ಹಾಕುತ್ತೇನೆ. ಇಷ್ಟಕ್ಕೇ ನಲವತ್ತು ನಿಮಿಷ ಹಿಡಿಯುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ ಎಂದು ಅನುಭವಸ್ಥರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಕಾವಲಿ

ನಮಸ್ಕಾರ ಬುತ್ತಿ ಅವರೇ. ಕ್ರಮವನ್ನು ಬಿಡಿಸಿ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ತಪ್ಪು ಅದರಲ್ಲೇ ಕಾಣುತ್ತಿದೆ. ಬೆಚ್ಚಗಿರಬೇಕಾದದ್ದು ನಿಮ್ಮಲ್ಲಿ ತಣ್ಣಗಿದೆ, ತಣ್ಣಗಿರಬೇಕಾದದ್ದು ಬಿಸಿಯಾಗಿದೆ. ಸುತ್ತುವಾಗ ಟೋರ್ಟಿಯಾ ಬೆಚ್ಚಗಿರಬೇಕು, ಚಿಕನ್ ಪೂರ್ತಿ ತಣ್ಣಗಾಗಿರಬೇಕು. ಈ ಒಂದನ್ನು ಅದಲುಬದಲು ಮಾಡಿದರೆ ನಿಮ್ಮ ಮುಕ್ಕಾಲು ಪಾಲು ದೂರುಗಳು ತೀರುತ್ತವೆ.

ತಣ್ಣನೆಯ ಟೋರ್ಟಿಯಾದಲ್ಲಿ ಹಿಟ್ಟಿನ ಪಿಷ್ಟ ಬಿಗಿದುಕೊಂಡಿರುತ್ತದೆ. ಅದನ್ನು ಬಗ್ಗಿಸಿದರೆ ಬಾಗುವ ಬದಲು ಸೀಳುತ್ತದೆ. ಅದರ ಮೇಲೆ ಬಿಸಿ ಚಿಕನ್ ಸುರಿದಾಗ ಏಳುವ ಹಬೆಗೆ ಹೊರಹೋಗಲು ದಾರಿಯಿಲ್ಲ, ಏಕೆಂದರೆ ನೀವು ತಕ್ಷಣ ಸುತ್ತಿ ಫಾಯಿಲ್‌ನಿಂದ ಮುಚ್ಚಿಬಿಡುತ್ತೀರಿ. ಆ ಹಬೆ ತಣ್ಣನೆಯ ಒಳಮೈಗೆ ತಾಗಿ ನೀರಾಗುತ್ತದೆ, ಲೆಟ್ಯೂಸನ್ನು ಬಾಡಿಸುತ್ತದೆ, ಕೊನೆಗೆ ತಳಕ್ಕೆ ಇಳಿದು ನಿಲ್ಲುತ್ತದೆ. ಫಾಯಿಲ್‌ನ ಮೂಲೆಯಲ್ಲಿ ನೀವು ಕಂಡ ನೀರಿನ ಬಹುಪಾಲು ಟೊಮೆಟೊದ್ದಲ್ಲ, ಚಿಕನ್‌ನ ಹಬೆಯದು ಎಂಬುದು ನನ್ನ ಅಂದಾಜು.

ಆದ್ದರಿಂದ ಚಿಕನ್ ಬೇಯಿಸುವ ಕೆಲಸವನ್ನು ಬೆಳಗ್ಗೆಯಿಂದ ಕಿತ್ತು ಹಿಂದಿನ ರಾತ್ರಿಗೆ ಹಾಕಿ. ರಾತ್ರಿಯ ಅಡುಗೆಗಾಗಿ ಒಲೆ ಹೇಗೂ ಉರಿಯುತ್ತಿರುತ್ತದೆ. ಆಗಲೇ ಎರಡು ಮೂರು ದಿನಕ್ಕಾಗುವಷ್ಟು ಚಿಕನ್ ಬೇಯಿಸಿ, ಆರಿಸಿ, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ಗೆ ಸೇರಿಸಿಟ್ಟರೆ ಬೆಳಗ್ಗೆ ಉಳಿಯುವುದು ಟೋರ್ಟಿಯಾ ಬಿಸಿ ಮಾಡುವುದು, ಸವರುವುದು, ಜೋಡಿಸುವುದು, ಸುತ್ತುವುದು ಮಾತ್ರ. ನನಗೆ ಎರಡು ರ‍್ಯಾಪ್‌ಗಳಿಗೆ ಎಂಟು ನಿಮಿಷ ಸಾಕಾಗುತ್ತದೆ.

ಉಪ್ಪುಖಾರ

ಕಾವಲಿ ಅವರ ಮಾತನ್ನು ಒಪ್ಪುತ್ತೇನೆ. ಚಿಕನ್ ಒಣಗುವುದರ ಬಗ್ಗೆ ನಾನು ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ರಾತ್ರಿಯೇ ಬೇಯಿಸಿದರೂ ಒಣಗಿದ ಮಾಂಸ ಒಣಗಿದ ಮಾಂಸವೇ.

ಎದೆ ಭಾಗದಲ್ಲಿ ಕೊಬ್ಬು ಕಡಿಮೆ. ಅದನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಹುರಿದಾಗ ಪ್ರತಿ ತುಂಡಿನ ಆರೂ ಮೈಗಳಿಂದ ರಸ ಹೋಗುತ್ತದೆ. ಹೊರಗೆ ಬಣ್ಣ ಬರಲೆಂದು ಕಾಯುವಷ್ಟರಲ್ಲಿ ಒಳಗಿನದು ಹದ ಮೀರಿ ಬೆಂದಿರುತ್ತದೆ. ಆದ್ದರಿಂದ ಎದೆ ಭಾಗವನ್ನು ಕತ್ತರಿಸದೆ, ಅಡ್ಡಕ್ಕೆ ಸೀಳಿ ಎರಡು ಹಾಳೆಗಳಂತೆ ಮಾಡಿ, ದಪ್ಪ ಇರುವ ಕಡೆ ಲಟ್ಟಣಿಗೆಯಿಂದ ಮೆಲ್ಲಗೆ ಬಡಿದು ಎಲ್ಲ ಕಡೆ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತನ್ನಿ. ಇಡಿಯಾಗಿಯೇ ಬೇಯಿಸಿ, ಇಳಿಸಿ, ಐದು ನಿಮಿಷ ಸುಮ್ಮನೆ ಬಿಟ್ಟು ಆಮೇಲೆ ಕತ್ತರಿಸಿ. ಕತ್ತರಿಸುವಾಗ ಮಾಂಸದ ಎಳೆಗಳು ಯಾವ ಕಡೆಗೆ ಓಡುತ್ತಿವೆ ಎಂದು ನೋಡಿ ಅದಕ್ಕೆ ಅಡ್ಡಲಾಗಿ ಚಾಕು ಹಾಕಬೇಕು. ಎಳೆಗಳ ಉದ್ದಕ್ಕೆ ಕತ್ತರಿಸಿದರೆ ಒಂದು ತುತ್ತು ಕಚ್ಚಿದಾಗ ಇಡೀ ಪಟ್ಟಿ ಸುರುಳಿಯಿಂದ ಎಳೆದುಕೊಂಡು ಬರುತ್ತದೆ. ಅಡ್ಡಕ್ಕೆ ಕತ್ತರಿಸಿದ್ದು ಕಚ್ಚಿದಲ್ಲೇ ಬಿಡುತ್ತದೆ.

ಇನ್ನು ಉಪ್ಪು. ಅರ್ಧ ಕಿಲೋ ಮಾಂಸಕ್ಕೆ ಸುಮಾರು 6 ಗ್ರಾಂ, ಅಂದರೆ ಪುಡಿ ಉಪ್ಪಿನ ಒಂದು ಸಮ ಚಹಾ ಚಮಚ, ಬೇಯಿಸುವ ಕೆಲವು ಗಂಟೆ ಮೊದಲೇ ಸವರಿ ಫ್ರಿಜ್‌ನಲ್ಲಿಡಿ. ಮೊದಲು ಮಾಂಸ ನೀರು ಬಿಡುತ್ತದೆ, ಆ ನೀರಿನಲ್ಲಿ ಉಪ್ಪು ಕರಗಿ ಮತ್ತೆ ಒಳಕ್ಕೆ ಇಳಿಯುತ್ತದೆ, ಒಳಗಿನ ಪ್ರೋಟೀನ್ ಸಡಿಲಗೊಂಡು ಬೇಯುವಾಗ ಹೆಚ್ಚು ನೀರನ್ನು ಹಿಡಿದುಕೊಳ್ಳುತ್ತದೆ. ಬೆಳಗ್ಗೆ ಹಾಕಿ ಬೆಳಗ್ಗೆಯೇ ಹುರಿದರೆ ಇದರಲ್ಲಿ ಮೊದಲ ಹಂತ ಮಾತ್ರ ನಡೆಯುತ್ತದೆ: ನೀರು ಬಿಟ್ಟ ಮಾಂಸ ಬಾಣಲೆಯಲ್ಲಿ ಹುರಿಯುವ ಬದಲು ತನ್ನ ನೀರಿನಲ್ಲೇ ಕುದಿಯುತ್ತದೆ. ಮೊಸರಿನಲ್ಲಿ ನೆನೆಸಿಡುವುದಾದರೆ ರಾತ್ರಿಯಿಡೀ ಇಟ್ಟರೂ ತೊಂದರೆಯಿಲ್ಲ. ನಿಂಬೆರಸ ಹೆಚ್ಚು ಹಾಕಿದ ಮಸಾಲೆಯಲ್ಲಿ ಮಾತ್ರ ಒಂದೆರಡು ಗಂಟೆಗಿಂತ ಹೆಚ್ಚು ಬಿಡಬೇಡಿ, ಮಾಂಸದ ಹೊರಮೈ ಹಿಟ್ಟುಹಿಟ್ಟಾಗುತ್ತದೆ.

ನನ್ನನ್ನೇ ಕೇಳಿದರೆ ಬುತ್ತಿಯ ರ‍್ಯಾಪ್‌ಗೆ ಎದೆಗಿಂತ ತೊಡೆ ಭಾಗವೇ ಮೇಲು. ಮೂಳೆ ತೆಗೆದ ತೊಡೆಯಲ್ಲಿ ಕೊಬ್ಬೂ, ಸ್ನಾಯುಗಳನ್ನು ಹಿಡಿದಿಡುವ ಸಂಯೋಜಕ ಅಂಗಾಂಶವೂ ಹೆಚ್ಚಿರುವುದರಿಂದ 80 ಡಿಗ್ರಿ ಸೆಲ್ಸಿಯಸ್ ದಾಟಿದರೂ ಅದು ಒಣಗುವ ಬದಲು ಮೆತ್ತಗಾಗುತ್ತದೆ. ಒಲೆಯ ಮೇಲೆ ಇಟ್ಟು ಬೇರೆ ಕೆಲಸ ನೋಡುವ ರಾತ್ರಿಗಳಲ್ಲಿ ಅಷ್ಟು ಸಡಿಲವಿರುವ ಮಾಂಸವೇ ಬೇಕು. ತಣ್ಣಗೆ ತಿನ್ನುವಾಗಲೂ ಅದರ ರುಚಿ ನಿಲ್ಲುತ್ತದೆ.

ಮಧ್ಯಾಹ್ನದ_ಬುತ್ತಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ಕೃತಜ್ಞತೆಗಳು. ಒಂದು ಅನುಮಾನ ಉಳಿದಿದೆ. ಚಿಕನ್ ಬೆಂದಿದೆಯೆಂದು ನಾನು ಇದುವರೆಗೆ ಬಣ್ಣ ನೋಡಿಯೇ ತೀರ್ಮಾನಿಸುತ್ತಿದ್ದೆ. ಒಳಗೆ ನಸುಗೆಂಪು ಕಂಡರೆ ಹೆದರಿ ಇನ್ನೂ ಐದು ನಿಮಿಷ ಹುರಿಯುತ್ತಿದ್ದೆ. ಇಡಿಯಾಗಿ ಬೇಯಿಸಿದರೆ ಒಳಗಿನ ಬಣ್ಣ ನೋಡುವುದಾದರೂ ಹೇಗೆ?

ಉಪ್ಪುಖಾರ

ನಿಮ್ಮ ಚಿಕನ್ ಒಣಗಲು ಆ ಐದು ನಿಮಿಷವೂ ಕಾರಣವೇ. ಬಣ್ಣವನ್ನು ನಂಬಬೇಡಿ. ಪೂರ್ತಿ ಬೆಂದ ಮಾಂಸವೂ, ಅದರಲ್ಲೂ ಮೂಳೆಯ ಹತ್ತಿರದ್ದು, ಕೆಲವೊಮ್ಮೆ ನಸುಗೆಂಪಾಗಿಯೇ ಉಳಿಯುತ್ತದೆ; ಬೆಳ್ಳಗಾಗಿ ಕಂಡ ಮಾಂಸ ಒಳಗೆ ಸಾಕಷ್ಟು ಬಿಸಿಯಾಗದೆ ಇರುವುದೂ ಉಂಟು. ಅಡುಗೆಯ ಥರ್ಮಾಮೀಟರೊಂದನ್ನು ಇಟ್ಟುಕೊಳ್ಳಿ, ಅದರ ಮೊನೆಯನ್ನು ಮಾಂಸದ ಅತಿ ದಪ್ಪನೆಯ ಭಾಗಕ್ಕೆ ಬದಿಯಿಂದ ಚುಚ್ಚಿ ನೋಡಿ, 74 ಡಿಗ್ರಿ ತೋರಿಸಿದರೆ ಇಳಿಸಿ. ಒಂದೂವರೆ ಸೆಂಟಿಮೀಟರ್ ದಪ್ಪದ ಎದೆ ಹಾಳೆಗೆ ಮಧ್ಯಮಕ್ಕಿಂತ ಸ್ವಲ್ಪ ಹೆಚ್ಚಿನ ಉರಿಯಲ್ಲಿ ಮೊದಲ ಮಗ್ಗುಲಿಗೆ ನಾಲ್ಕರಿಂದ ಐದು ನಿಮಿಷ, ಎರಡನೆಯದಕ್ಕೆ ಮೂರರಿಂದ ನಾಲ್ಕು ನಿಮಿಷ ಹಿಡಿಯುತ್ತದೆ. ಈ ಲೆಕ್ಕ ಒಲೆಗೂ ಬಾಣಲೆಗೂ ತಕ್ಕಂತೆ ಬದಲಾಗುತ್ತದೆ, ಹಾಗಾಗಿ ಕೊನೆಯ ಮಾತು ಥರ್ಮಾಮೀಟರಿನದೇ.

ಹಿಟ್ಟಿನಕೈ

ಟೋರ್ಟಿಯಾದ ಬಗ್ಗೆ ಇನ್ನಷ್ಟು ಹೇಳಬೇಕೆನಿಸಿತು. ಮೊದಲನೆಯದಾಗಿ, ರ‍್ಯಾಪ್‌ಗೆ ಗೋಧಿ ಹಿಟ್ಟಿನದು ಅಥವಾ ಮೈದಾದ್ದೇ ಆಗಬೇಕು. ಮೆಕ್ಕೆಜೋಳದ ಟೋರ್ಟಿಯಾದಲ್ಲಿ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಇಲ್ಲದಿರುವುದರಿಂದ ಅದು ಮಡಚಲು ಒಗ್ಗುತ್ತದೆಯೇ ಹೊರತು ತುದಿಗಳನ್ನು ಒಳಕ್ಕೆ ತಿರುಗಿಸಿ ಬಿಗಿಯಾಗಿ ಸುತ್ತಲು ಒಗ್ಗುವುದಿಲ್ಲ. ಅಳತೆಯೂ ಮುಖ್ಯ. 20 ಸೆಂಟಿಮೀಟರಿನದರಲ್ಲಿ ಊಟಕ್ಕಾಗುವಷ್ಟು ಹೂರಣ ತುಂಬಲು ಹೋದರೆ ಎಷ್ಟೇ ನಾಜೂಕಿನಿಂದ ಸುತ್ತಿದರೂ ಬಾಯಿ ಬಿಡುತ್ತದೆ. 25 ಸೆಂಟಿಮೀಟರ್ ಅಗಲದ್ದನ್ನೇ ತೆಗೆದುಕೊಳ್ಳಿ.

ಎರಡನೆಯದಾಗಿ, ಅದನ್ನು ಫ್ರಿಜ್‌ನಲ್ಲಿಡುವ ಅಭ್ಯಾಸ. ಬೆಂದ ಹಿಟ್ಟಿನ ಪಿಷ್ಟ ಮತ್ತೆ ಗಟ್ಟಿಯಾಗುವ ಕ್ರಿಯೆ ಅತಿ ವೇಗವಾಗಿ ನಡೆಯುವುದು ಫ್ರಿಜ್‌ನ ತಂಪಿನಲ್ಲಿಯೇ. ಎರಡು ಮೂರು ದಿನದಲ್ಲಿ ಖರ್ಚಾಗುವುದನ್ನು ಗಾಳಿಯಾಡದಂತೆ ಕಟ್ಟಿ ಹೊರಗೇ ಇಡಬಹುದು, ಪೊಟ್ಟಣದ ಮೇಲಿನ ಸೂಚನೆ ಅದಕ್ಕೆ ಒಪ್ಪುವಂತಿದ್ದರೆ. ಹೆಚ್ಚು ದಿನಕ್ಕಾದರೆ ನಡುವೆ ಬಟರ್ ಪೇಪರ್ ಹಾಕಿ ಫ್ರೀಜರ್‌ನಲ್ಲಿಡುವುದು ಮೇಲು. ಹಾಗೆ ಗಟ್ಟಿಯಾದ ಪಿಷ್ಟ 60 ಡಿಗ್ರಿ ದಾಟಿದೊಡನೆ ಮತ್ತೆ ಸಡಿಲವಾಗುತ್ತದೆ, ಆದ್ದರಿಂದಲೇ ಬಿಸಿ ಮಾಡಿದ ಟೋರ್ಟಿಯಾ ಬಟ್ಟೆಯ ಹಾಗೆ ಬಾಗುತ್ತದೆ. ಎಣ್ಣೆ ಹಾಕದ ಕಾವಲಿಯ ಮೇಲೆ ಮಗ್ಗುಲಿಗೆ ಹದಿನೈದರಿಂದ ಇಪ್ಪತ್ತು ಸೆಕೆಂಡು ಸಾಕು. ಗುಳ್ಳೆ ಎದ್ದು ಕಂದು ಚುಕ್ಕೆ ಮೂಡುವವರೆಗೆ ಬಿಟ್ಟರೆ ನೀರಿನಂಶ ಹೋಗಿ ಗರಿಗರಿಯಾಗುತ್ತದೆ, ಮತ್ತೆ ಸೀಳುತ್ತದೆ. ಕಾವಲಿಯಿಂದ ತೆಗೆದೊಡನೆ ಒಣ ಬಟ್ಟೆಯೊಳಗೆ ಮಡಚಿಡಿ. ಅದರದೇ ಹಬೆಯಲ್ಲಿ ಅಂಚುಗಳೂ ಮೆತ್ತಗಾಗುತ್ತವೆ. ಬಿರುಕು ಮೊದಲು ಕಾಣಿಸುವುದು ಅಂಚಿನಲ್ಲೇ ಅಲ್ಲವೇ.

ರಜೆಯ ದಿನ ಪುರುಸೊತ್ತಿದ್ದರೆ ಮನೆಯಲ್ಲೇ ಮಾಡಿಟ್ಟುಕೊಳ್ಳಬಹುದು. 250 ಗ್ರಾಂ ಮೈದಾ, 5 ಗ್ರಾಂ ಉಪ್ಪು, 50 ಗ್ರಾಂ ಬೆಣ್ಣೆ ಅಥವಾ ಎಣ್ಣೆ, ಸುಮಾರು 130 ಮಿಲಿಲೀಟರ್ ಬೆಚ್ಚನೆಯ ನೀರು. ನಾದಿ ಅರ್ಧ ಗಂಟೆ ಮುಚ್ಚಿಟ್ಟ ಕಣಕದಿಂದ ಆರು ಉಂಡೆ ಮಾಡಿ, ಆದಷ್ಟು ತೆಳ್ಳಗೆ ಲಟ್ಟಿಸಿ, ಚೆನ್ನಾಗಿ ಕಾದ ಕಾವಲಿಯಲ್ಲಿ ಮಗ್ಗುಲಿಗೆ ಅರ್ಧ ನಿಮಿಷದಷ್ಟು ಬೇಯಿಸಿ. ಕೊಬ್ಬಿನ ಪಾಲು ಹೆಚ್ಚಿದ್ದಷ್ಟೂ ಇದು ನಿಧಾನವಾಗಿ ಬಿಗಿಯುತ್ತದೆ, ಹಾಗಾಗಿ ಬೆಣ್ಣೆಯಲ್ಲಿ ಕೈ ಬಿಗಿ ಮಾಡಬೇಡಿ.

ನಿಧಾನಗತಿ

ಎಲ್ಲರ ಮಾತನ್ನೂ ಓದಿದೆ. ನನ್ನದು ಸ್ವಲ್ಪ ಬೇರೆಯ ಅಭಿಪ್ರಾಯ. ಐದು ಗಂಟೆ ಸುತ್ತಿಟ್ಟ ಯಾವ ರ‍್ಯಾಪ್ ಆದರೂ ಆಗತಾನೆ ಸುತ್ತಿದ್ದರ ಸಮಕ್ಕೆ ಬರುವುದಿಲ್ಲ. ಚಿಕನ್ ಒಂದು ಡಬ್ಬಿಯಲ್ಲಿ, ತರಕಾರಿ ಇನ್ನೊಂದರಲ್ಲಿ, ಸಾಸ್ ಒಂದು ಪುಟ್ಟ ಕುಪ್ಪಿಯಲ್ಲಿ, ಟೋರ್ಟಿಯಾ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಊಟದ ಹೊತ್ತಿಗೆ ಅಲ್ಲೇ ಜೋಡಿಸಿಕೊಂಡರೆ ನೆನೆಯುವ ಪ್ರಶ್ನೆಯೇ ಏಳುವುದಿಲ್ಲ. ಕೆಲಸದ ಜಾಗದಲ್ಲಿ ಮೈಕ್ರೋವೇವ್ ಇದ್ದರೆ ಟೋರ್ಟಿಯಾವನ್ನು ಒದ್ದೆ ಮಾಡಿ ಹಿಂಡಿದ ಕಾಗದದ ಕರವಸ್ತ್ರದಲ್ಲಿ ಸುತ್ತಿ ಹದಿನೈದು ಸೆಕೆಂಡು ಬಿಸಿ ಮಾಡಬಹುದು, ಚಿಕನ್ ಒಂದನ್ನೇ ಬೇರೆಯಾಗಿ ಚೆನ್ನಾಗಿ ಹಬೆಯಾಡುವಂತೆ ಕಾಯಿಸಿಕೊಳ್ಳಬಹುದು. ಸುತ್ತಿದ ರ‍್ಯಾಪನ್ನೇ ಮೈಕ್ರೋವೇವ್‌ಗೆ ಹಾಕಿದರೆ ಲೆಟ್ಯೂಸೂ ಸೌತೆಕಾಯಿಯೂ ಬೆಂದು ರುಚಿ ಕೆಡುತ್ತದೆ.

ಕಾವಲಿ

ನಿಧಾನಗತಿ ಅವರು ಹೇಳುವ ಕ್ರಮ ರುಚಿಯ ದೃಷ್ಟಿಯಿಂದ ಖಂಡಿತ ಮೇಲು. ಆದರೆ ಅದಕ್ಕೆ ಊಟದ ಹೊತ್ತಿನಲ್ಲಿ ಮೇಜು ಬೇಕು, ಕೈ ತೊಳೆಯಲು ನೀರು ಬೇಕು, ಹತ್ತು ನಿಮಿಷದ ಬಿಡುವು ಬೇಕು. ಆಮೇಲೆ ನಾಲ್ಕು ಡಬ್ಬಿ ತೊಳೆಯಬೇಕು. ಬುತ್ತಿ ಅವರು ರ‍್ಯಾಪನ್ನು ಆರಿಸಿಕೊಂಡದ್ದೇ ಇವೆಲ್ಲ ಬೇಡವೆಂದು. ಹಾಗಾಗಿ ನಾನು ಸುತ್ತಿಕೊಂಡೇ ಹೋಗುವ ಪಕ್ಷದವನು. ನಡುವಿನ ದಾರಿಯೊಂದಿದೆ: ಎಲ್ಲವನ್ನೂ ಒಳಗಿಟ್ಟು ಸುತ್ತಿ, ಸಾಸನ್ನು ಮಾತ್ರ ಕುಪ್ಪಿಯಲ್ಲಿ ಒಯ್ದು ಪ್ರತಿ ತುತ್ತಿಗೆ ಅದ್ದಿಕೊಂಡು ತಿನ್ನುವುದು. ಬಿರುಬೇಸಿಗೆಯ ದಿನಗಳಲ್ಲಿ ನಾನು ಹೀಗೆಯೇ ಮಾಡುತ್ತೇನೆ.

ಅಡುಗೆಮನೆ_ದೀಪ

ದೊಡ್ಡ ಅಡುಗೆಮನೆಯೊಂದರಲ್ಲಿ ಹಲವು ವರ್ಷ ಕೆಲಸ ಮಾಡಿದವಳಾಗಿ ಒಂದು ವಿಷಯವನ್ನು ಹೇಳದೆ ಇರಲಾರೆ. ಮೊದಲ ಬರಹದಲ್ಲಿ ನನಗೆ ಕಳವಳ ಹುಟ್ಟಿಸಿದ್ದು ಬಿರುಕೂ ಅಲ್ಲ, ನೀರೂ ಅಲ್ಲ. ಬಿಸಿ ಚಿಕನ್ ಇರುವ ರ‍್ಯಾಪನ್ನು ಎಂಟು ಗಂಟೆಗೆ ಕಟ್ಟಿ, ತಂಪಿನ ಯಾವ ವ್ಯವಸ್ಥೆಯೂ ಇಲ್ಲದ ಚೀಲದಲ್ಲಿ ಒಂದು ಗಂಟೆಯವರೆಗೆ ಇಡುವುದು.

ಬೆಂದ ಮಾಂಸದಲ್ಲಿ ಬ್ಯಾಕ್ಟೀರಿಯಾ ವೇಗವಾಗಿ ಹೆಚ್ಚುವುದು 4 ರಿಂದ 60 ಡಿಗ್ರಿ ಸೆಲ್ಸಿಯಸ್‌ಗಳ ನಡುವೆ. ಈ ನಡುವಿನ ಬಿಸಿಯಲ್ಲಿ ಅದು ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು; ಸುತ್ತಲಿನ ಗಾಳಿ 32 ಡಿಗ್ರಿ ದಾಟಿದ್ದರೆ ಒಂದು ಗಂಟೆ ಮಾತ್ರ. ಫಾಯಿಲ್‌ನೊಳಗೆ ಬೆಚ್ಚಗೆ ಕುಳಿತ ರ‍್ಯಾಪ್ ಐದು ಗಂಟೆ ಕಾಲ ಇದೇ ಸ್ಥಿತಿಯಲ್ಲಿರುತ್ತದೆ. ಊಟದ ಹೊತ್ತಿಗೆ ಬಿಸಿ ಮಾಡಿದರೆ ಸರಿಹೋಗುತ್ತದೆ ಎಂದು ಹಲವರು ನಂಬುತ್ತಾರೆ, ಅದು ನಿಜವಲ್ಲ. ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ನಮ್ಮ ಕೈ ಮತ್ತು ಮೂಗಿನಲ್ಲೇ ಇರುತ್ತದೆ. ಕೈಯಿಂದ ಕತ್ತರಿಸಿ ಜೋಡಿಸುವ ಆಹಾರಕ್ಕೆ ಅದು ಸುಲಭವಾಗಿ ಸೇರುತ್ತದೆ. ಬೆಚ್ಚನೆಯ ಜಾಗ ಸಿಕ್ಕರೆ ಅದು ಬಿಡುವ ವಿಷವನ್ನು ಮತ್ತೆ ಕಾಯಿಸುವುದರಿಂದ ಹೋಗಲಾಡಿಸಲಾಗುವುದಿಲ್ಲ.

ಆದ್ದರಿಂದ ಚಿಕನ್ ತಣ್ಣಗಿರಬೇಕು ಎಂಬ ಕಾವಲಿ ಅವರ ಮಾತು ರುಚಿಯ ಮಟ್ಟಿಗೆ ಮಾತ್ರ ಸೀಮಿತವಲ್ಲ. ರಾತ್ರಿ ಬೇಯಿಸಿದ ಚಿಕನ್ನನ್ನು ಅಗಲವಾದ ತಟ್ಟೆಯಲ್ಲಿ ಹರವಿ, ಹಬೆ ಹೋದೊಡನೆ, ಎರಡು ಗಂಟೆಯೊಳಗಾಗಿ ಫ್ರಿಜ್‌ಗೆ ಸೇರಿಸಿ. ರಾಶಿ ಹಾಕಿ ಆಳವಾದ ಡಬ್ಬಿಗೆ ತುಂಬಿದರೆ ನಡುವಿನದು ಬಹಳ ಹೊತ್ತು ಬೆಚ್ಚಗೇ ಉಳಿಯುತ್ತದೆ. 4 ಡಿಗ್ರಿ ಅಥವಾ ಅದಕ್ಕಿಂತ ತಂಪಾಗಿರುವ ಫ್ರಿಜ್‌ನಲ್ಲಿ ಬೆಂದ ಚಿಕನ್ ಮೂರರಿಂದ ನಾಲ್ಕು ದಿನ ಇರುತ್ತದೆ, ಹಸಿ ಮಾಂಸವಾದರೆ ಒಂದೆರಡು ದಿನ ಮಾತ್ರ. ಬೆಳಗ್ಗೆ ಸುತ್ತಿದ ಮೇಲೆ ನೀವು ಹೊರಡಲು ಸಿದ್ಧರಾಗುವವರೆಗೆ ರ‍್ಯಾಪನ್ನು ಫ್ರಿಜ್‌ನಲ್ಲೇ ಇಡಿ, ಆಮೇಲೆ ಶಾಖ ತಡೆಯುವ ಚೀಲದಲ್ಲಿ ಮೇಲೊಂದು ಕೆಳಗೊಂದು ಐಸ್ ಪ್ಯಾಕ್ ಇಟ್ಟು ಒಯ್ಯಿರಿ. ಕೆಲಸದ ಜಾಗದಲ್ಲಿ ಫ್ರಿಜ್ ಇದ್ದರೆ ತಲುಪಿದ ಕೂಡಲೇ ಅದರಲ್ಲಿಡಿ.

ಹಸಿ ಚಿಕನ್ನನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವ ರೂಢಿ ನಿಮಗಿದ್ದರೆ ಅದನ್ನೂ ಬಿಡಿ. ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಆ ನೀರಿನ ಹನಿಗಳೊಂದಿಗೆ ಸಿಂಕಿನ ಸುತ್ತಲಿಗೂ ಪಕ್ಕದಲ್ಲಿಟ್ಟ ಲೆಟ್ಯೂಸಿಗೂ ಸಿಡಿಯುತ್ತವೆ. ಚಿಕನ್ ಬೇಯುತ್ತದೆ, ಲೆಟ್ಯೂಸ್ ಬೇಯುವುದಿಲ್ಲ.

ಮಧ್ಯಾಹ್ನದ_ಬುತ್ತಿ

ದೀಪ ಅವರೇ, ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಎರಡು ತಿಂಗಳಲ್ಲಿ ಎರಡು ಸಲ ಸಂಜೆಯ ಹೊತ್ತಿಗೆ ಹೊಟ್ಟೆ ಕೆಟ್ಟದ್ದುಂಟು, ನಾನು ಬೇರೆ ಯಾವುದನ್ನೋ ದೂರಿದ್ದೆ. ಇವತ್ತೇ ಐಸ್ ಪ್ಯಾಕ್ ತರುತ್ತೇನೆ.

ಹಸಿರುಸೊಪ್ಪು

ತರಕಾರಿ ಮತ್ತು ಸಾಸ್ ವಿಚಾರಕ್ಕೆ ಬರೋಣ. ನೆನೆಯುವುದನ್ನು ತಡೆಯಲು ಪದಾರ್ಥಗಳನ್ನು ಜೋಡಿಸುವ ಕ್ರಮ ಬಹಳ ಮುಖ್ಯ. ಟೋರ್ಟಿಯಾಕ್ಕೆ ನೇರವಾಗಿ ತಾಗುವ ಪದರ ಕೊಬ್ಬಿನದಾಗಿರಬೇಕು: ಕ್ರೀಮ್ ಚೀಸ್, ಮೇಯನೇಸ್, ಬೆಣ್ಣೆ, ಅಥವಾ ತೆಳ್ಳಗೆ ಕತ್ತರಿಸಿದ ಚೀಸ್. ಎಣ್ಣೆಯಂಶ ನೀರನ್ನು ಒಳಬಿಡುವುದಿಲ್ಲ. ಅದರ ಮೇಲೆ ಒಣಗಿಸಿದ ಲೆಟ್ಯೂಸ್ ಎಲೆ ಹಾಸಿ, ಅದರ ಮೇಲೆ ಚಿಕನ್, ಚಿಕನ್ನಿನ ಮೇಲೆ ಸಾಸ್. ಮೊಸರಿನ ಸಾಸನ್ನು ನೀವು ಬರಿಯ ಟೋರ್ಟಿಯಾದ ಮೇಲೆ ಸವರುತ್ತಿದ್ದಿರಿ, ಅದು ತಳ ನೆನೆಯಲು ಸಾಕಾದ ಕಾರಣ. ಸಾಸನ್ನು ಚಿಕನ್ ಜೊತೆ ಮೊದಲೇ ಕಲಸಿಟ್ಟರೆ ಇನ್ನೂ ಒಳ್ಳೆಯದು, ಮಾಂಸ ಅದನ್ನು ಹಿಡಿದುಕೊಳ್ಳುತ್ತದೆ, ಹರಿದುಹೋಗುವುದಿಲ್ಲ.

ಮೊಸರೇ ಬೇಕೆಂದರೆ ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿ ಒಂದು ಪಾತ್ರೆಯ ಮೇಲೆ ಎರಡು ಗಂಟೆ ತೂಗುಬಿಡಿ. ನೀರೆಲ್ಲ ಇಳಿದು ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಅದಕ್ಕೆ ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಪುದೀನ, ಕಾಳುಮೆಣಸಿನ ಪುಡಿ, ಒಂದು ಚಮಚ ಎಣ್ಣೆ ಸೇರಿಸಿ. ಉಪ್ಪನ್ನು ಮಾತ್ರ ಕೊನೆಗೆ ಹಾಕಿ.

ಟೊಮೆಟೊವನ್ನು ಬಿಡಬೇಕಿಲ್ಲ, ಆದರೆ ಬೀಜವಿರುವ ತಿರುಳನ್ನು ಚಮಚದಿಂದ ತೆಗೆದು ಗಟ್ಟಿ ಭಾಗವನ್ನಷ್ಟೇ ಬಳಸಿ. ಸೌತೆಕಾಯಿಗೂ ಅದೇ ಕ್ರಮ. ಬೇಕಾದರೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಹಿಂಡಿ. ಬುತ್ತಿಗೆ ನಾನು ಲೆಟ್ಯೂಸಿಗಿಂತ ಎಲೆಕೋಸನ್ನೇ ನಂಬುತ್ತೇನೆ. ಕೂದಲೆಳೆಯಂತೆ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ ತಿಕ್ಕಿ, ನೀರು ಹಿಂಡಿ, ನಿಂಬೆರಸ ಬೆರೆಸಿಟ್ಟರೆ ಎರಡು ದಿನವಾದರೂ ಕರುಮ್ ಎನ್ನುತ್ತದೆ. ಕ್ಯಾರೆಟ್, ಕ್ಯಾಪ್ಸಿಕಂ ಕೂಡ ಹೀಗೆಯೇ ನಿಲ್ಲುವ ತರಕಾರಿಗಳು. ತೊಳೆದ ಸೊಪ್ಪನ್ನು ಮಾತ್ರ ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸದೆ ಒಳಗಿಡಬೇಡಿ.

ಕಾವಲಿ

ಸುತ್ತುವ ವಿಧಾನವನ್ನು ಯಾರೂ ಬರೆಯದಿರುವುದರಿಂದ ಬರೆಯುತ್ತಿದ್ದೇನೆ. ನನ್ನ ಕೈಗೆ ಇದು ಕೂಡಿಬರಲು ಬಹಳ ದಿನ ಬೇಕಾಯಿತು, ಆದ್ದರಿಂದ ಆದಷ್ಟು ಬಿಡಿಸಿ ಹೇಳುತ್ತೇನೆ.

ಬಟ್ಟೆಯೊಳಗಿಂದ ತೆಗೆದ ಟೋರ್ಟಿಯಾದಿಂದ ಹಬೆ ಏಳುವುದು ನಿಂತಿರಬೇಕು, ಅಂಗೈಗೆ ಇನ್ನೂ ಬೆಚ್ಚಗೆ ತಾಗಬೇಕು. ಅದನ್ನು ಬಟರ್ ಪೇಪರ್ ಮೇಲೆ ಹರಡಿ. ಹೂರಣವನ್ನು ನಟ್ಟನಡುವೆ ಇಡದೆ ನಿಮ್ಮ ಕಡೆಗಿನ ಮೂರನೇ ಒಂದು ಭಾಗದಲ್ಲಿ, ಎಡಬಲಕ್ಕೆ ಮೂರು ಮೂರು ಬೆರಳು ಜಾಗ ಬಿಟ್ಟು, ಉದ್ದಕ್ಕೆ ದಿಂಡಿನಂತೆ ಜೋಡಿಸಿ. ಚಿಕನ್ 80 ಗ್ರಾಂ, ತರಕಾರಿ ಒಂದು ಹಿಡಿ, ಇಷ್ಟಕ್ಕೆ ನಿಲ್ಲಿಸಿ. ಇನ್ನೂ ಸ್ವಲ್ಪ ಹಿಡಿಯುತ್ತದೆ ಎಂದು ಕಣ್ಣು ಹೇಳುತ್ತದೆ, ಆ ಮಾತು ಕೇಳಬೇಡಿ. ಈಗ ಎಡಬಲದ ಅಂಚುಗಳನ್ನು ಒಳಕ್ಕೆ ಮಡಚಿ ತೋರುಬೆರಳುಗಳಿಂದ ಹಿಡಿದುಕೊಂಡು, ಹೆಬ್ಬೆರಳುಗಳಿಂದ ನಿಮ್ಮ ಕಡೆಯ ಅಂಚನ್ನು ಎತ್ತಿ ಹೂರಣದ ಮೇಲೆ ದಾಟಿಸಿ. ಇಲ್ಲಿ ಒಂದು ಕ್ಷಣ ನಿಲ್ಲಿ. ಮಡಚಿದ ಅಂಚಿನ ಹಿಂದೆ ನಾಲ್ಕೂ ಬೆರಳಿಟ್ಟು ಹೂರಣವನ್ನು ನಿಮ್ಮ ಕಡೆಗೆ ಮೆಲ್ಲಗೆ ಎಳೆದುಕೊಳ್ಳಿ. ಒಳಗಿನ ಸಡಿಲವೆಲ್ಲ ಹೋಗಿ ದಿಂಡು ಬಿಗಿಯಾದದ್ದು ಬೆರಳಿಗೆ ತಿಳಿಯುತ್ತದೆ. ಆಮೇಲೆ ಕೊನೆಯವರೆಗೆ ಉರುಳಿಸಿ, ಕೂಡುಗೆರೆ ಕೆಳಗೆ ಬರುವಂತೆ ಎರಡು ನಿಮಿಷ ಬಿಡಿ. ಹೀಗೆ ಎಳೆದು ಬಿಗಿ ಮಾಡದಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಕಚ್ಚಿದಾಗ ಹೂರಣ ಹಿಂದಿನ ತುದಿಯಿಂದ ಹೊರಬೀಳುತ್ತದೆ.

ಕೂಡಲೇ ತಿನ್ನುವ ರ‍್ಯಾಪ್ ಆದರೆ ಕೂಡುಗೆರೆಯನ್ನು ಕೆಳಗೆ ಮಾಡಿ ಕಾವಲಿಯ ಮೇಲೆ ಒಂದು ನಿಮಿಷ ಒತ್ತಿ, ಅಂಟಿಕೊಂಡು ಗರಿಯಾಗುತ್ತದೆ. ಬುತ್ತಿಗೆ ಅದು ಬೇಡ. ಮಧ್ಯಾಹ್ನದ ಹೊತ್ತಿಗೆ ಗರಿ ಹೋಗಿ ತೊಗಲಿನಂತಾಗುತ್ತದೆ.

ನಿಧಾನಗತಿ

ಕಟ್ಟುವುದಕ್ಕೆ ಮೊದಲು ಬಟರ್ ಪೇಪರ್, ಅದರ ಮೇಲೆ ಫಾಯಿಲ್. ಬರಿಯ ಫಾಯಿಲ್ ಒಂದಿಷ್ಟೂ ತೇವ ಹೀರುವುದಿಲ್ಲ, ಒಳಗೆ ಹನಿಗಟ್ಟುತ್ತದೆ. ಮೈಕ್ರೋವೇವ್‌ಗೆ ಇಡುವುದಿದ್ದರೆ ಫಾಯಿಲನ್ನು ಪೂರ್ತಿ ಬಿಚ್ಚಿ ತೆಗೆಯಲು ಮರೆಯಬೇಡಿ.

ಉಪ್ಪುಖಾರ

ಫ್ರೀಜರ್‌ನಲ್ಲಿಡಬಹುದೇ ಎಂದು ಖಾಸಗಿಯಾಗಿ ಒಬ್ಬರು ಕೇಳಿದರು. ಚಿಕನ್ ಮತ್ತು ಚೀಸ್ ಮಾತ್ರ ಇರುವ ರ‍್ಯಾಪನ್ನು ಬಿಗಿಯಾಗಿ ಕಟ್ಟಿ ಮೈನಸ್ 18 ಡಿಗ್ರಿಯಲ್ಲಿ ಒಂದೆರಡು ತಿಂಗಳು ಇಡಬಹುದು. ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ, ಮರುದಿನ ಒಳಗಿನವರೆಗೂ 74 ಡಿಗ್ರಿ ಆಗುವಂತೆ ಕಾಯಿಸಿ ತಿನ್ನಬೇಕು. ಹಸಿ ತರಕಾರಿ, ಮೇಯನೇಸ್ ಇದ್ದರೆ ಬೇಡ. ಕರಗುವಾಗ ತರಕಾರಿ ನೀರಾಗುತ್ತದೆ, ಮೇಯನೇಸ್ ಒಡೆಯುತ್ತದೆ.

ಮಧ್ಯಾಹ್ನದ_ಬುತ್ತಿ

ಹತ್ತು ದಿನವಾದ ಮೇಲೆ ಬರೆಯುತ್ತಿದ್ದೇನೆ. ಭಾನುವಾರ ಸಂಜೆ ಮೂಳೆ ತೆಗೆದ ತೊಡೆ ಭಾಗ ಅರ್ಧ ಕಿಲೋ ತಂದು, ಉಪ್ಪು ಮತ್ತು ಮೊಸರು ಸವರಿ ಎರಡು ಗಂಟೆ ಇಟ್ಟು, ರಾತ್ರಿಯ ಅಡುಗೆಯೊಂದಿಗೇ ಬೇಯಿಸಿದೆ. ಥರ್ಮಾಮೀಟರ್ 82 ತೋರಿಸಿತ್ತು, ಆದರೂ ಮಾಂಸ ಮೆತ್ತಗೇ ಇತ್ತು. ತಟ್ಟೆಯಲ್ಲಿ ಹರವಿ ಆರಿಸಿ ಫ್ರಿಜ್‌ಗಿಟ್ಟೆ. ಸೋಮವಾರ ಬೆಳಗ್ಗೆ ಗಡಿಯಾರ ನೋಡಿಕೊಂಡೇ ಮಾಡಿದೆ: ಹನ್ನೊಂದು ನಿಮಿಷ. ಮಂಗಳವಾರ ಒಂಬತ್ತು. ಕ್ರೀಮ್ ಚೀಸ್, ಅದರ ಮೇಲೆ ಹಿಂಡಿದ ಎಲೆಕೋಸು, ಮೇಲೆ ಚಿಕನ್. ಒಂದು ಗಂಟೆಗೆ ಬಿಚ್ಚಿದಾಗ ಬಟರ್ ಪೇಪರ್ ಒಣಗಿಯೇ ಇತ್ತು, ಟೋರ್ಟಿಯಾದಲ್ಲಿ ಒಂದು ಬಿರುಕೂ ಇರಲಿಲ್ಲ. ನಡುವೆ ಅಡ್ಡಕ್ಕೆ ಕತ್ತರಿಸಿ ನೋಡಿದೆ. ಎಲೆಕೋಸಿನ ಬಿಳಿ, ಕ್ಯಾರೆಟ್‌ನ ಕೇಸರಿ, ಚಿಕನ್‌ನ ಕಂದು ಪದರಗಳು ಒಂದಕ್ಕೊಂದು ಬೆರೆಯದೆ ಕುಳಿತಿದ್ದವು. ಎರಡು ತಿಂಗಳಲ್ಲಿ ಮೊದಲ ಸಲ ಊಟವನ್ನು ಮನಸಾರೆ ಮುಗಿಸಿದೆ. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.

ಒಂದೇ ಒಂದು ಕೊರತೆ. ಬುಧವಾರದ ರ‍್ಯಾಪ್‌ನಲ್ಲಿ, ಅಂದರೆ ಬೇಯಿಸಿದ ಮೂರನೆಯ ದಿನ, ಚಿಕನ್‌ಗೆ ಹಳೆಯ ರಟ್ಟಿನಂಥ ವಾಸನೆ ಬಂದಿತ್ತು. ಕೆಟ್ಟ ವಾಸನೆಯಲ್ಲ, ಆದರೆ ರುಚಿ ಕುಂದಿತ್ತು. ಕಾರಣವೇನಿರಬಹುದು?

ಅಡುಗೆಮನೆ_ದೀಪ

ನೀವು ಹೇಳುವ ಕ್ರಮದಲ್ಲಿ ಇಟ್ಟಿದ್ದರೆ ಮೂರನೆಯ ದಿನಕ್ಕೆ ಅದು ಹಾಳಾಗಿರುವ ಸಂಭವ ಕಡಿಮೆ. ಮೈ ಲೋಳೆಯಾಗಿದ್ದರೆ ಅಥವಾ ಹುಳಿ ನಾತವಿದ್ದರೆ ಎಸೆಯಬೇಕು. ರಟ್ಟಿನಂಥ ವಾಸನೆಗೆ ಕಾರಣ ಬೇರೆ. ಚಿಕನ್‌ನ ಕೊಬ್ಬಿನಲ್ಲಿ ಗಾಳಿಯೊಂದಿಗೆ ಬೇಗ ವರ್ತಿಸುವ ಕೊಬ್ಬಿನಾಮ್ಲಗಳ ಪಾಲು ಹೆಚ್ಚು. ಬೇಯಿಸಿದಾಗ ಮಾಂಸದೊಳಗಿನ ಕಬ್ಬಿಣದ ಅಂಶ ಬಿಡುಗಡೆಯಾಗಿ ಆ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಕತ್ತರಿಸಿಟ್ಟ ತುಂಡುಗಳಲ್ಲಿ ಗಾಳಿಗೆ ತೆರೆದ ಮೈ ಹೆಚ್ಚಿರುವುದರಿಂದ ವಾಸನೆಯೂ ಬೇಗ ಏಳುತ್ತದೆ, ಮತ್ತೆ ಬಿಸಿ ಮಾಡಿದರೆ ಇನ್ನೂ ಎದ್ದು ಕಾಣುತ್ತದೆ. ಹಾಗಾಗಿ ಚಿಕನ್ನನ್ನು ಇಡಿಯಾಗಿಯೇ ಇಟ್ಟು ಆಯಾ ದಿನ ಬೆಳಗ್ಗೆ ಕತ್ತರಿಸಿಕೊಳ್ಳಿ. ಬಾಣಲೆಯಲ್ಲಿ ಉಳಿದ ರಸವನ್ನು ಚೆಲ್ಲದೆ ಅದರ ಮೇಲೆಯೇ ಸುರಿದು, ಡಬ್ಬಿಯಲ್ಲಿ ಖಾಲಿ ಜಾಗ ಉಳಿಯದಂತೆ ಚಿಕ್ಕ ಡಬ್ಬಿಯಲ್ಲಿ ಒತ್ತಿ ಮುಚ್ಚಿ. ತಣ್ಣಗಾದ ಮೇಲೆ ಆ ರಸ ಮೇಲೆ ಹೆಪ್ಪುಗಟ್ಟಿ ಗಾಳಿಯನ್ನು ತಡೆಯುತ್ತದೆ.

ಹಸಿರುಸೊಪ್ಪು

ಮೂರನೆಯ ದಿನಕ್ಕೆ ನಾನು ಚಿಕನ್ನನ್ನು ಎಳೆಎಳೆಯಾಗಿ ಬಿಡಿಸಿ, ಸಾಸಿವೆ ಪೇಸ್ಟ್, ನಿಂಬೆರಸ, ಹೆಚ್ಚಿದ ಈರುಳ್ಳಿ ದಂಟಿನೊಂದಿಗೆ ಮೇಯನೇಸ್‌ನಲ್ಲಿ ಕಲಸಿ ತಣ್ಣಗೇ ಸುತ್ತುತ್ತೇನೆ. ಹುಳಿ ಮತ್ತು ಘಾಟಿನ ಮುಂದೆ ಆ ವಾಸನೆ ತಿಳಿಯುವುದೇ ಇಲ್ಲ. ಕಾಯಿಸುವ ಕೆಲಸವೂ ಇಲ್ಲದ್ದರಿಂದ ಬುಧವಾರದ ಬೆಳಗ್ಗೆ ಇನ್ನೂ ಎರಡು ನಿಮಿಷ ಉಳಿಯುತ್ತದೆ.

ಮಧ್ಯಾಹ್ನದ_ಬುತ್ತಿ

ಈ ವಾರ ಎರಡನ್ನೂ ಮಾಡಿ ನೋಡುತ್ತೇನೆ. ಸೋಮವಾರ, ಮಂಗಳವಾರಗಳಿಗೆ ಇಡಿ ತುಂಡು, ಬುಧವಾರಕ್ಕೆ ಸಾಸಿವೆ ಬೆರೆಸಿದ್ದು. ತೊಡೆ ಭಾಗ ಈಗಾಗಲೇ ಉಪ್ಪು ಸವರಿಸಿಕೊಂಡು ಫ್ರಿಜ್‌ನಲ್ಲಿದೆ.